ರುಚಿ ನೋಡಿದರು, ವಿಷ ನೋಡಲಿಲ್ಲ: 1937ರ ಒಂದು ಔಷಧ ಮತ್ತು ವ್ಯಾಪಾರದ ಧರ್ಮ



ವ್ಯಾಪಾರವೆಂದರೆ ದ್ರೋಹದ ಆಲೋಚನೆಯೇ ಎಂಬರ್ಥದ ಹಳೆಯ ನುಡಿಯೊಂದು ನಮ್ಮಲ್ಲಿದೆ. ಬಂಡವಾಳಶಾಹಿಯನ್ನು ಟೀಕಿಸುವವರು ಇಂದಿಗೂ ಅದೇ ಧಾಟಿಯಲ್ಲಿ ಮಾತನಾಡುತ್ತಾರೆ: ಕಂಪನಿಗಳನ್ನು ನಡೆಸುವವರು ದುರಾಸೆಯವರು, ಆದುದರಿಂದಲೇ ಕಂಪನಿಗಳು ಕೆಡುಕು ಮಾಡುತ್ತವೆ. ವ್ಯಾಪಾರದ ಪರ ನಿಲ್ಲುವವರು ಇದಕ್ಕೆ ಉತ್ತರವಾಗಿ, ಸಜ್ಜನರು ನಡೆಸುವ ಕಂಪನಿ ಸಜ್ಜನಿಕೆಯಿಂದಲೇ ನಡೆಯುತ್ತದೆ ಎನ್ನುತ್ತಾರೆ. ಎರಡೂ ಕಡೆಯವರು ನೀತಿಯನ್ನು ಹುಡುಕುವುದು ಮನುಷ್ಯನ ಸ್ವಭಾವದಲ್ಲಿಯೇ.

ವೈದ್ಯವೃತ್ತಿಯವನಾದ ನನಗೆ ಈ ಎರಡೂ ವಾದಗಳು ಅಪೂರ್ಣವೆಂದು ತೋರುತ್ತವೆ. ಅದಕ್ಕೆ ಕಾರಣ ಔಷಧಗಳ ಚರಿತ್ರೆಯ ಒಂದು ಪ್ರಕರಣ. 1937ರ ಶರತ್ಕಾಲದಲ್ಲಿ ಅಮೆರಿಕದಲ್ಲಿ ನಡೆದ ಆ ಘಟನೆಯಲ್ಲಿ ಯಾರನ್ನಾದರೂ ಕೊಲ್ಲಬೇಕೆಂಬ, ಮೋಸಗೊಳಿಸಬೇಕೆಂಬ ಆಲೋಚನೆ ಯಾರಿಗೂ ಇರಲಿಲ್ಲ. ಕಂಪನಿಗೆ ಹೆಸರಿತ್ತು. ಮಾಲೀಕನು ಸ್ವತಃ ವೈದ್ಯಪದವೀಧರ. ಔಷಧವೂ ನಿಜವಾಗಿ ರೋಗ ಗುಣಪಡಿಸುವಂಥದೇ. ಆದರೂ ನಾಲ್ಕೈದು ವಾರಗಳಲ್ಲಿ ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಮೂರನೆಯ ಒಂದು ಭಾಗ ಮಕ್ಕಳು. ಇದು ಹೇಗಾಯಿತು, ಅದರಿಂದ ಜಗತ್ತು ಏನನ್ನು ಕಲಿಯಿತು, ಏನನ್ನು ಇನ್ನೂ ಕಲಿತಿಲ್ಲ ಎಂಬುದೇ ಈ ಲೇಖನದ ವಿಷಯ.

ನಂಬಿಕೆಗೆ ಯೋಗ್ಯವಾದ ಮದ್ದು

ಪೆನಿಸಿಲಿನ್ ಬಳಕೆಗೆ ಬರುವುದಕ್ಕೆ ಮುಂಚಿನ ಕಾಲವನ್ನು ಇಂದು ಊಹಿಸಿಕೊಳ್ಳುವುದು ಕಷ್ಟ. ಗಂಟಲಿನ ನಂಜು ರಕ್ತಕ್ಕೆ ಇಳಿದರೆ ಮಗು ಉಳಿಯುವ ಭರವಸೆಯಿರಲಿಲ್ಲ. ಹೆರಿಗೆಯಾದ ಮೂರು ನಾಲ್ಕು ದಿನಗಳಲ್ಲಿ ಬಾಣಂತಿಗೆ ಜ್ವರವೇರಿದರೆ ಮನೆಯವರು ದೇವರಿಗೆ ಹರಕೆ ಹೊರುತ್ತಿದ್ದರು. ವೈದ್ಯನ ಕೈಯಲ್ಲಿ ಅದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ. ಇಂಥ ಹೊತ್ತಿನಲ್ಲಿ ಜರ್ಮನಿಯ ಗೆರ್ಹಾರ್ಡ್ ಡೊಮಾಕ್ ಎಂಬ ವಿಜ್ಞಾನಿ ಪ್ರೊಂಟೊಸಿಲ್ ಎಂಬ ಕೆಂಪು ಬಣ್ಣದ ವಸ್ತುವಿಗೆ ಸ್ಟ್ರೆಪ್ಟೊಕಾಕಸ್ ಎಂಬ ಸೂಕ್ಷ್ಮಾಣುವನ್ನು ಮಣಿಸುವ ಶಕ್ತಿಯಿರುವುದನ್ನು ಕಂಡುಕೊಂಡು 1935ರಲ್ಲಿ ಪ್ರಕಟಿಸಿದನು. ಅದೇ ವರ್ಷ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯ ಸಂಶೋಧಕರು, ಆ ಶಕ್ತಿಯಿರುವುದು ಬಣ್ಣದಲ್ಲಲ್ಲ, ದೇಹದೊಳಗೆ ಅದರಿಂದ ಬೇರ್ಪಡುವ ಸಲ್ಫಾನಿಲಮೈಡ್ ಎಂಬ ಸರಳ ರಾಸಾಯನಿಕದಲ್ಲಿ ಎಂದು ತೋರಿಸಿದರು.

ಈ ಸಂಶೋಧನೆಗೆ ವೈದ್ಯಕೀಯ ಮಹತ್ವವಿದ್ದಂತೆಯೇ ವ್ಯಾಪಾರದ ಮಹತ್ವವೂ ಇತ್ತು. ಸಲ್ಫಾನಿಲಮೈಡನ್ನು 1908ರಲ್ಲಿಯೇ ತಯಾರಿಸಲಾಗಿದ್ದುದರಿಂದ ಅದರ ಮೇಲೆ ಯಾರ ಪೇಟೆಂಟೂ ಉಳಿದಿರಲಿಲ್ಲ. ಯಾರು ಬೇಕಾದರೂ ತಯಾರಿಸಬಹುದಿತ್ತು, ಮಾರಬಹುದಿತ್ತು. 1936ರ ಕೊನೆಯಲ್ಲಿ ಅಧ್ಯಕ್ಷ ರೂಸ್‌ವೆಲ್ಟರ ಮಗ ತೀವ್ರವಾದ ಗಂಟಲು ನಂಜಿನಿಂದ ಈ ಹೊಸ ಔಷಧದ ಬಲದಿಂದಲೇ ಚೇತರಿಸಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ ಅಮೆರಿಕದಾದ್ಯಂತ ಸಲ್ಫಾ ಔಷಧಗಳಿಗೆ ಬೇಡಿಕೆ ಏರಿತು. ಹತ್ತಾರು ಕಂಪನಿಗಳು ಒಂದೇ ವಸ್ತುವನ್ನು ಮಾರತೊಡಗಿದಾಗ ಉಳಿದವರಿಗಿಂತ ಭಿನ್ನವಾಗಿ ಕಾಣುವುದಾದರೂ ಹೇಗೆ? ಪೈಪೋಟಿಯ ಮಾರುಕಟ್ಟೆ ಪ್ರತಿಯೊಬ್ಬ ವ್ಯಾಪಾರಿಯ ಮುಂದೆ ಇಡುವ ಪ್ರಶ್ನೆ ಇದು.

ದ್ರವರೂಪಕ್ಕೆ ಬೇಡಿಕೆ

ಟೆನೆಸಿ ರಾಜ್ಯದ ಬ್ರಿಸ್ಟಲ್ ಪಟ್ಟಣದಲ್ಲಿದ್ದ ಎಸ್. ಇ. ಮ್ಯಾಸೆಂಗಿಲ್ ಕಂಪನಿಯು ಸಲ್ಫಾನಿಲಮೈಡಿನ ಮಾತ್ರೆ ಹಾಗೂ ಪುಡಿಯನ್ನು ಮಾರುತ್ತಿತ್ತು. 1937ರ ಜೂನ್ ತಿಂಗಳಲ್ಲಿ ಅದರ ಮಾರಾಟಗಾರನೊಬ್ಬ, ದಕ್ಷಿಣದ ರಾಜ್ಯಗಳಲ್ಲಿ ಜನ ಇದನ್ನು ದ್ರವರೂಪದಲ್ಲಿ ಕೇಳುತ್ತಿದ್ದಾರೆಂದು ವರದಿ ಮಾಡಿದ. ಕೋರಿಕೆ ಸಹಜವಾದುದೇ. ಗಂಟಲು ಊದಿಕೊಂಡ ಮಗುವಿಗೆ ಕಹಿಮಾತ್ರೆ ನುಂಗಿಸುವುದೆಷ್ಟು ಕಷ್ಟವೆಂಬುದನ್ನು ತಾಯಂದಿರೆಲ್ಲರೂ ಬಲ್ಲರು. ತೊಂದರೆಯೆಂದರೆ ಸಲ್ಫಾನಿಲಮೈಡ್ ನೀರಿನಲ್ಲಾಗಲಿ ಸಾಮಾನ್ಯ ದ್ರಾವಕಗಳಲ್ಲಾಗಲಿ ಸುಲಭವಾಗಿ ಕರಗುವುದಿಲ್ಲ. ಕಂಪನಿಯ ಮುಖ್ಯ ರಸಾಯನಶಾಸ್ತ್ರಜ್ಞ ಹೆರಾಲ್ಡ್ ವಾಟ್ಕಿನ್ಸ್ ಹಲವು ದ್ರಾವಕಗಳನ್ನು ಪ್ರಯತ್ನಿಸಿ, ಕೊನೆಗೆ ಡೈಎಥಿಲೀನ್ ಗ್ಲೈಕಾಲಿನಲ್ಲಿ ಅದು ಚೆನ್ನಾಗಿ ಕರಗುತ್ತದೆಂದು ಕಂಡುಕೊಂಡನು. ಈ ದ್ರವಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿ ತುಸು ಸಿಹಿ. ಅದಕ್ಕೆ ರಾಸ್ಪ್‌ಬೆರಿ ಹಣ್ಣಿನ ಸ್ವಾದವನ್ನೂ ಕೆಂಪು ಬಣ್ಣವನ್ನೂ ಸೇರಿಸಿ ‘ಎಲಿಕ್ಸಿರ್ ಸಲ್ಫಾನಿಲಮೈಡ್’ ಎಂಬ ಹೆಸರಿಟ್ಟರು.

ಕಂಪನಿಯ ಪ್ರಯೋಗಾಲಯದಲ್ಲಿ ಹೊಸ ಔಷಧದ ರುಚಿ, ನೋಟ ಮತ್ತು ಪರಿಮಳಗಳನ್ನು ಪರೀಕ್ಷಿಸಲಾಯಿತು. ಮೂರರಲ್ಲಿಯೂ ಅದು ಉತ್ತೀರ್ಣವಾಯಿತು. ಅದು ವಿಷವೇ ಅಲ್ಲವೇ ಎಂಬ ಪರೀಕ್ಷೆ ಮಾತ್ರ ನಡೆಯಲಿಲ್ಲ. ಒಂದು ಇಲಿಗಾಗಲಿ ಮೊಲಕ್ಕಾಗಲಿ ಅದನ್ನು ಕುಡಿಸಿ ನೋಡಲಿಲ್ಲ. ಡೈಎಥಿಲೀನ್ ಗ್ಲೈಕಾಲ್ ಪ್ರಾಣಿಗಳ ಮೂತ್ರಪಿಂಡಗಳನ್ನು ಕೆಡಿಸುತ್ತದೆಂಬ ವರದಿಗಳು ಆ ವೇಳೆಗಾಗಲೇ ವೈಜ್ಞಾನಿಕ ಪತ್ರಿಕೆಗಳಲ್ಲಿ ಬಂದಿದ್ದವು. ಅವನ್ನು ತೆಗೆದು ಓದಿದವರಿಲ್ಲ. ಸೆಪ್ಟೆಂಬರ್ ತಿಂಗಳಲ್ಲಿ 240 ಗ್ಯಾಲನ್ ಎಲಿಕ್ಸಿರ್ ತಯಾರಾಗಿ, 633 ರವಾನೆಗಳಲ್ಲಿ ದೇಶದ ಮೂಲೆಮೂಲೆಗೂ ಹೊರಟಿತು.

ಈ ಉಪೇಕ್ಷೆ ಕಾನೂನಿನ ಉಲ್ಲಂಘನೆಯಾಗಿರಲಿಲ್ಲ. ಅಂದಿನ ಅಮೆರಿಕದಲ್ಲಿ ಜಾರಿಯಲ್ಲಿದ್ದುದು 1906ರ ಆಹಾರ ಮತ್ತು ಔಷಧ ಕಾಯಿದೆ. ಕಲಬೆರಕೆ ಮಾಡಬಾರದು, ಲೇಬಲ್ಲಿನಲ್ಲಿ ಸುಳ್ಳು ಬರೆಯಬಾರದು ಎಂದಷ್ಟೇ ಅದು ಹೇಳುತ್ತಿತ್ತು. ಹೊಸ ಔಷಧವನ್ನು ಮಾರುವ ಮುನ್ನ ಅದು ಸುರಕ್ಷಿತವೆಂದು ತೋರಿಸಬೇಕೆಂಬ ನಿಯಮ ಅದರಲ್ಲಿರಲಿಲ್ಲ. ಪರೀಕ್ಷೆಗೆ ಸಮಯ ಬೇಕು, ಹಣ ಬೇಕು. ಅದನ್ನು ಮಾಡಿದವನಿಗೆ ಮಾರುಕಟ್ಟೆಯಲ್ಲಿ ಬಹುಮಾನವೇನೂ ಇಲ್ಲ; ಮಾಡದವನು ಕೆಲವು ವಾರ ಮುಂಚಿತವಾಗಿ ಅಂಗಡಿಯ ಕಪಾಟನ್ನು ಸೇರಿಕೊಳ್ಳುತ್ತಾನೆ. ರುಚಿ ಕೆಟ್ಟಿದ್ದರೆ ಮಾರಾಟ ಕುಸಿಯುತ್ತಿತ್ತು, ಆದುದರಿಂದ ರುಚಿಯನ್ನು ಪರೀಕ್ಷಿಸಿದರು. ಲಾಭವು ಯಾವ ಪ್ರಶ್ನೆಯನ್ನು ಕೇಳಿಸಿತೋ ಅದಕ್ಕೆ ಉತ್ತರ ದೊರೆಯಿತು. ಅದು ಕೇಳಿಸದೆ ಬಿಟ್ಟ ಪ್ರಶ್ನೆಗೆ ರೋಗಿಗಳ ದೇಹಗಳೇ ಉತ್ತರ ಕೊಡಬೇಕಾಯಿತು.

ತುಲ್ಸಾದಿಂದ ಬಂದ ಸುದ್ದಿ

ಅಕ್ಟೋಬರ್ 11ರಂದು ಒಕ್ಲಹೋಮ ರಾಜ್ಯದ ತುಲ್ಸಾ ನಗರದ ವೈದ್ಯರು ಶಿಕಾಗೋದಲ್ಲಿದ್ದ ಅಮೆರಿಕನ್ ವೈದ್ಯಕೀಯ ಸಂಘಕ್ಕೆ, ಹೊಸ ಎಲಿಕ್ಸಿರ್ ಕುಡಿದ ರೋಗಿಗಳು ಸಾಯುತ್ತಿದ್ದಾರೆಂದು ತಿಳಿಸಿದರು. ಸಂಘದ ಪ್ರಯೋಗಾಲಯ ಸೀಸೆಯೊಳಗಿದ್ದುದನ್ನು ವಿಶ್ಲೇಷಿಸಿ ದ್ರಾವಕವೇ ವಿಷವೆಂದು ಗುರುತಿಸಿತು. ರೋಗದ ಗತಿ ಎಲ್ಲೆಡೆಯೂ ಒಂದೇ: ಮೊದಲು ವಾಂತಿ ಮತ್ತು ಹೊಟ್ಟೆನೋವು, ಬಳಿಕ ಮೂತ್ರ ಕಡಿಮೆಯಾಗುತ್ತ ಪೂರ್ಣವಾಗಿ ನಿಂತುಹೋಗುವುದು, ಮುಖ ಊದಿಕೊಳ್ಳುವುದು, ಪ್ರಜ್ಞೆ ಮಂಕಾಗುವುದು, ಕೆಲವರಿಗೆ ಸೆಳವು. ದೇಹದೊಳಗೆ ಡೈಎಥಿಲೀನ್ ಗ್ಲೈಕಾಲ್ ಮಾರ್ಪಟ್ಟು ಉಂಟಾಗುವ ಆಮ್ಲವು ಮೂತ್ರಪಿಂಡದ ಸೂಕ್ಷ್ಮ ನಾಳಗಳ ಜೀವಕೋಶಗಳನ್ನು ಕೊಲ್ಲುತ್ತದೆಂಬುದು ಇಂದು ನಮಗೆ ತಿಳಿದಿದೆ. ಅಂದು ಡಯಾಲಿಸಿಸ್ ಇರಲಿಲ್ಲ. ಒಂದು ವಾರ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಕಾಲ ನರಳಿ ರೋಗಿ ತೀರಿಕೊಳ್ಳುತ್ತಿದ್ದನು.

ಕಂಪನಿಯು ಔಷಧವನ್ನು ಹಿಂದಿರುಗಿಸುವಂತೆ ಮಾರಾಟಗಾರರಿಗೆ, ಅಂಗಡಿಗಳಿಗೆ, ವೈದ್ಯರಿಗೆ ತಂತಿ ಕಳುಹಿಸಿತು. ಆದರೆ ಆ ಮೊದಲ ತಂತಿಯಲ್ಲಿ ಇದು ಪ್ರಾಣಾಪಾಯದ ವಿಷಯವೆಂಬ ಸೂಚನೆಯೇ ಇರಲಿಲ್ಲ. ಸರ್ಕಾರದ ಆಹಾರ ಮತ್ತು ಔಷಧ ಆಡಳಿತದವರು, ಅಂದರೆ ಎಫ್‌ಡಿಎ, ಒತ್ತಾಯಿಸಿದ ಮೇಲೆಯೇ ಅಪಾಯವನ್ನು ಸ್ಪಷ್ಟವಾಗಿ ತಿಳಿಸುವ ಎರಡನೆಯ ತಂತಿ ಹೊರಟಿತು.

ಬಳಿಕ ನಡೆದ ಬೇಟೆಯನ್ನು ಓದಿದರೆ ಸರ್ಕಾರಿ ನೌಕರರೆಂದರೆ ಸಾಮಾನ್ಯವಾಗಿ ಮೂಡುವ ಉದಾಸೀನ ಭಾವ ದೂರವಾಗುತ್ತದೆ. ಎಫ್‌ಡಿಎಯ 239 ಪರಿವೀಕ್ಷಕರು ಮತ್ತು ರಸಾಯನಶಾಸ್ತ್ರಜ್ಞರಲ್ಲಿ ಬಹುತೇಕ ಎಲ್ಲರೂ ಬೀದಿಗಿಳಿದರು. ಸಾವಿರಾರು ಮಾರಾಟ ಚೀಟಿಗಳನ್ನು ಒಂದೊಂದಾಗಿ ಶೋಧಿಸಿದರು. ಕೆಲವು ಅಂಗಡಿಗಳಲ್ಲಿ ಕೊಂಡವನ ಹೆಸರನ್ನೇ ಬರೆದಿಟ್ಟಿರಲಿಲ್ಲ. ಟೆಕ್ಸಾಸಿನಲ್ಲಿ ಮಾರಾಟಗಾರನೊಬ್ಬ ತಾನು ಯಾರಿಗೆ ಮಾರಿದೆನೆಂದು ಹೇಳಲೊಪ್ಪದೆ, ಸೆರೆಮನೆ ಕಂಡ ಮೇಲೆಯೇ ಬಾಯಿ ಬಿಟ್ಟನು. ಸೀಸೆಯನ್ನು ನಾಶಮಾಡಿದೆನೆಂದು ಹೇಳಿದ ಹೆಂಗಸೊಬ್ಬಳನ್ನು, ಹೇಗೆ ನಾಶಮಾಡಿದಿರಿ ಎಂದು ಕೇಳಿದಾಗ, ಕಿಟಕಿಯಿಂದ ಓಣಿಗೆ ಎಸೆದೆನೆಂದಳು. ಪರಿವೀಕ್ಷಕನು ಹೋಗಿ ನೋಡಿದರೆ ಸೀಸೆ ಒಡೆಯದೆ, ಒಳಗಿನ ದ್ರವ ಚೆಲ್ಲದೆ ಹಾಗೆಯೇ ಬಿದ್ದಿತ್ತು. ವೈದ್ಯರೊಬ್ಬರು ತಮ್ಮ ವಿವಾಹವನ್ನೇ ಮುಂದೂಡಿ, ಔಷಧ ಕೊಂಡ ಬಳಿಕ ಬೆಟ್ಟಸೀಮೆಗೆ ವಲಸೆ ಹೋಗಿದ್ದ ಕುಟುಂಬವೊಂದರ ಮೂರು ವರ್ಷದ ಮಗುವನ್ನು ಹುಡುಕಲು ಅಧಿಕಾರಿಗಳೊಂದಿಗೆ ಹೊರಟರು.

ಹೀಗೆ 240 ಗ್ಯಾಲನ್‌ಗಳಲ್ಲಿ 234 ಗ್ಯಾಲನ್ನಿಗೂ ತುಸು ಹೆಚ್ಚನ್ನು ವಶಪಡಿಸಿಕೊಂಡರು. ತಪ್ಪಿಹೋದುದು ಸುಮಾರು 22 ಲೀಟರ್. ಬೆಂಗಳೂರಿನ ಮನೆಗಳಿಗೆ ಬರುವ ಕುಡಿಯುವ ನೀರಿನ ಒಂದು ಕ್ಯಾನಿಗಿಂತ ಸ್ವಲ್ಪ ಹೆಚ್ಚು. ಅಷ್ಟರಿಂದಲೇ ಹದಿನೈದು ರಾಜ್ಯಗಳಲ್ಲಿ ನೂರಕ್ಕೂ ಹೆಚ್ಚು ಸಾವುಗಳು ಸಂಭವಿಸಿದವು. ಉಳಿದ 234 ಗ್ಯಾಲನ್ನೂ ಕುಡಿದು ಮುಗಿಯುವಷ್ಟು ಕಾಲ ಅಂಗಡಿಗಳಲ್ಲಿ ಇದ್ದಿದ್ದರೆ ಏನಾಗುತ್ತಿತ್ತೆಂದು ಓದುಗರೇ ಲೆಕ್ಕ ಹಾಕಬಹುದು.

ಮಿಸಿಸಿಪಿಯ ಹಳ್ಳಿಯೊಂದರ ವೈದ್ಯರು ಆ ದಿನಗಳಲ್ಲಿ ಬರೆದ ಪತ್ರವೊಂದು ಉಳಿದುಬಂದಿದೆ. ಕಾಲು ಶತಮಾನದ ವೃತ್ತಿಜೀವನದಲ್ಲಿ ಎಷ್ಟೋ ಸಾವುಗಳನ್ನು ಕಂಡಿದ್ದ ಅವರು, ತಾವೇ ಬರೆದುಕೊಟ್ಟ ಔಷಧದಿಂದ ಆರು ಮಂದಿ ಸತ್ತರೆಂಬುದನ್ನು, ಅವರಲ್ಲೊಬ್ಬರು ತಮ್ಮ ಪರಮಮಿತ್ರರೆಂಬುದನ್ನು ತಾಳಲಾರದೆ ತಮ್ಮ ಸಂಕಟವನ್ನು ತೋಡಿಕೊಂಡಿದ್ದಾರೆ. ಹೆಸರಾಂತ ಕಂಪನಿಯ ಲೇಬಲ್ಲನ್ನು ನಂಬಿ ಚೀಟಿ ಬರೆಯುವುದೇ ನಮ್ಮೆಲ್ಲರ ದಿನನಿತ್ಯದ ವೃತ್ತಿ. ಸೀಸೆಯೊಳಗಿರುವುದನ್ನು ವೈದ್ಯನು ತಾನೇ ಪರೀಕ್ಷಿಸಲಾರ. ಆದುದರಿಂದ ಔಷಧ ತಯಾರಕನ ನೀತಿ ಕೆಟ್ಟಾಗ ವೈದ್ಯನ ಕೈಯೂ ಅರಿಯದೆಯೇ ಆ ಪಾಪದಲ್ಲಿ ಸೇರಿಕೊಳ್ಳುತ್ತದೆ.

ಕಾನೂನಿಗೆ ಕಂಡ ತಪ್ಪು

ಇನ್ನು ನ್ಯಾಯದ ಕಥೆ. ನೂರು ಜನರ ಸಾವಿಗೆ ಕಾರಣವಾದ ಕಂಪನಿಯ ಮೇಲೆ ಯಾವ ಆರೋಪ ಹೊರಿಸಬೇಕು? ವಿಷವನ್ನು ಪರೀಕ್ಷಿಸದೆ ಮಾರಿದುದು ಅಪರಾಧವಲ್ಲ. ಅಧಿಕಾರಿಗಳು ಕಾಯಿದೆಯ ಪುಟಗಳನ್ನು ತಿರುವಿ ಕೊನೆಗೆ ಹೆಸರಿನಲ್ಲಿ ಒಂದು ತಪ್ಪನ್ನು ಕಂಡುಹಿಡಿದರು. ‘ಎಲಿಕ್ಸಿರ್’ ಎಂದರೆ ಆಲ್ಕೊಹಾಲಿನಲ್ಲಿ ಕರಗಿಸಿದ ಔಷಧವೆಂಬ ಅರ್ಥ ರೂಢಿಯಲ್ಲಿತ್ತು. ಇದರಲ್ಲಿ ಆಲ್ಕೊಹಾಲ್ ಇರಲಿಲ್ಲ. ಸೀಸೆಗಳನ್ನು ವಶಪಡಿಸಿಕೊಳ್ಳಲು ಸರ್ಕಾರಕ್ಕೆ ಅಧಿಕಾರ ದೊರೆತದ್ದು ಈ ಒಂದು ಪದದಿಂದ. ಕಂಪನಿಯು ಅದನ್ನು ‘ದ್ರಾವಣ’ ಎಂದು ಕರೆದಿದ್ದರೆ, ಅಷ್ಟು ಸಾವುಗಳ ನಡುವೆಯೂ ಎಫ್‌ಡಿಎ ಕೈಕಟ್ಟಿ ಕುಳಿತಿರಬೇಕಾಗುತ್ತಿತ್ತು.

ಮಾಲೀಕನಾದ ಡಾ. ಸ್ಯಾಮ್ಯುಯೆಲ್ ಮ್ಯಾಸೆಂಗಿಲ್, ಸಾವುಗಳ ಬಗ್ಗೆ ವಿಷಾದ ವ್ಯಕ್ತಪಡಿಸುತ್ತಲೇ, ತಾವು ವೈದ್ಯರ ನ್ಯಾಯಬದ್ಧವಾದ ಬೇಡಿಕೆಯನ್ನು ಪೂರೈಸಿದೆವು, ತಯಾರಿಕೆಯಲ್ಲಿ ದೋಷವಿರಲಿಲ್ಲ, ಆದುದರಿಂದ ಹೊಣೆ ತಮ್ಮದಲ್ಲ ಎಂಬರ್ಥದ ಹೇಳಿಕೆ ನೀಡಿದರು. ಕಂಪನಿಯು ಕೊನೆಗೆ ತಪ್ಪೊಪ್ಪಿಕೊಂಡು ಸುಮಾರು 26,000 ಡಾಲರ್ ದಂಡ ಕಟ್ಟಿತು. 1906ರ ಕಾಯಿದೆಯಡಿ ವಿಧಿಸಲಾದ ದಂಡಗಳಲ್ಲಿ ಅದೇ ಅತಿ ದೊಡ್ಡದು. ರಸಾಯನಶಾಸ್ತ್ರಜ್ಞ ವಾಟ್ಕಿನ್ಸ್ ವಿಚಾರಣೆಯನ್ನು ಎದುರು ನೋಡುತ್ತಿದ್ದಾಗಲೇ ಆತ್ಮಹತ್ಯೆ ಮಾಡಿಕೊಂಡನು.

ಒಂದೇ ಕಂಪನಿ, ಒಂದೇ ತಪ್ಪು. ಕಾನೂನಿನ ಭಾಷೆಯಲ್ಲಿ ಹೊಣೆಯಿಲ್ಲವೆಂದವರು ಒಬ್ಬರು, ಅದರ ಭಾರವನ್ನು ಹೊರಲಾರದೆ ಹೋದವನು ಮತ್ತೊಬ್ಬ. ಕಂಪನಿಯೆಂಬ ಸಂಸ್ಥೆಯ ಸ್ವರೂಪವೇ ಹೀಗೆ. ಅದರಲ್ಲಿ ಲಾಭ ಒಂದೆಡೆ ಕೂಡಿಕೊಳ್ಳುತ್ತದೆ, ಹೊಣೆ ನೂರು ಕೈಗಳಲ್ಲಿ ಹಂಚಿಹೋಗುತ್ತದೆ. ಮಾರಾಟಗಾರ ಬೇಡಿಕೆ ತಿಳಿಸಿದ, ರಸಾಯನಶಾಸ್ತ್ರಜ್ಞ ಕರಗಿಸಿದ, ಪ್ರಯೋಗಾಲಯ ರುಚಿ ನೋಡಿತು, ವೈದ್ಯ ಚೀಟಿ ಬರೆದ, ಅಂಗಡಿಯವ ಕೊಟ್ಟ. ಪ್ರತಿಯೊಬ್ಬನೂ ತನ್ನ ಕೆಲಸವನ್ನು ಮಾಡಿದನು.

ನಮ್ಮ ಶರಣರ ಕಥೆಗಳಲ್ಲಿ ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಇದ್ದಲ್ಲಿಗೇ ಹಿಂದಿರುಗಿಸಿ ಬರಲು ಹೇಳಿದುದನ್ನು ನಾವೆಲ್ಲ ಕೇಳಿದ್ದೇವೆ. ಆ ನೀತಿ ಇಂದಿಗೂ ದೊಡ್ಡದು. ಆದರೆ ಲಕ್ಕಮ್ಮನಿಗೆ ಅಕ್ಕಿ ಬಂದ ಅಂಗಳ ಗೊತ್ತಿತ್ತು, ತಂದ ಕೈ ಕಣ್ಣೆದುರಿಗೇ ಇತ್ತು. ಬ್ರಿಸ್ಟಲ್ಲಿನ ಕಾರ್ಖಾನೆಯಲ್ಲಿದ್ದವರಿಗೆ ತುಲ್ಸಾದ ಮಗುವಿನ ಮುಖ ಕಾಣುತ್ತಿರಲಿಲ್ಲ. ಕಾಣದ ಮುಖಕ್ಕೆ ಹೊಣೆಯಾಗುವಂತೆ ಮಾಡಲು ಮನೆಯ ನೀತಿಯ ಜೊತೆಗೆ ಬೇರೊಂದು ಏರ್ಪಾಡು ಬೇಕಾಗುತ್ತದೆ.

ಐದು ವರ್ಷ ಕಾದ ಮಸೂದೆ

ಆ ಏರ್ಪಾಡಿನ ಕರಡು ಅದಾಗಲೇ ಸಿದ್ಧವಿತ್ತೆಂಬುದು ಈ ಪ್ರಕರಣದ ಅತ್ಯಂತ ದುಃಖಕರವಾದ ಅಂಶ. 1906ರ ಕಾಯಿದೆ ಸಾಲದೆಂದು ಅರಿತ ಎಫ್‌ಡಿಎ, 1933ರಲ್ಲಿಯೇ ಹೊಸ ಮಸೂದೆಯನ್ನು ಅಮೆರಿಕದ ಸಂಸತ್ತಿನ ಮುಂದೆ ಬರುವಂತೆ ಮಾಡಿತ್ತು. ಔಷಧ ಮತ್ತು ಸೌಂದರ್ಯವರ್ಧಕಗಳ ತಯಾರಕರು ಅದನ್ನು ತೀವ್ರವಾಗಿ ವಿರೋಧಿಸಿದರು. ಔಷಧಗಳ ಜಾಹೀರಾತಿನಿಂದ ಆದಾಯ ಪಡೆಯುತ್ತಿದ್ದ ಅನೇಕ ಪತ್ರಿಕೆಗಳಿಗೂ ಅದು ಬೇಡವಾಗಿತ್ತು. ಮಹಿಳಾ ಸಂಘಗಳು ಮಸೂದೆಯ ಪರವಾಗಿ ಊರೂರಿನಲ್ಲಿ ಜನಾಭಿಪ್ರಾಯ ಮೂಡಿಸಲು ಶ್ರಮಿಸಿದರೂ ಅದು ಸಮಿತಿಯಿಂದ ಸಮಿತಿಗೆ ಅಲೆಯುತ್ತ ಸೊರಗಿತು.

ಮಗಳನ್ನು ಕಳೆದುಕೊಂಡ ತುಲ್ಸಾದ ತಾಯಿಯೊಬ್ಬರು ಮಗುವಿನ ಭಾವಚಿತ್ರದೊಂದಿಗೆ ಅಧ್ಯಕ್ಷ ರೂಸ್‌ವೆಲ್ಟರಿಗೆ ಪತ್ರ ಬರೆದು, ಇಂಥ ಔಷಧಗಳು ಇನ್ನು ಮುಂದೆ ಮಾರಾಟವಾಗದಂತೆ ಮಾಡಿರೆಂದು ಬೇಡಿಕೊಂಡರು. ಐದು ವರ್ಷ ಚಲಿಸದಿದ್ದ ಮಸೂದೆ ಈಗ ಚಲಿಸಿತು. 1938ರ ಜೂನ್ 25ರಂದು ರೂಸ್‌ವೆಲ್ಟರು ಆಹಾರ, ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯಿದೆಗೆ ಸಹಿ ಹಾಕಿದರು. ಅದನ್ನು ಸೆನೆಟ್ಟಿನಲ್ಲಿ ಐದು ವರ್ಷ ಹೊತ್ತು ನಡೆಸಿದ್ದ, ಸ್ವತಃ ವೈದ್ಯರಾಗಿದ್ದ ರಾಯಲ್ ಕೋಪ್‌ಲಂಡರು ಅದಕ್ಕೆ ಕೆಲವೇ ದಿನಗಳ ಹಿಂದೆ ತೀರಿಕೊಂಡಿದ್ದರು. ಹೊಸ ಔಷಧವು ಸುರಕ್ಷಿತವೆಂದು ತಯಾರಕನು ಮಾರುವ ಮುನ್ನವೇ ತೋರಿಸಬೇಕೆಂಬ ನಿಯಮ ಆ ದಿನದಿಂದ ಅಮೆರಿಕದಲ್ಲಿ ಜಾರಿಗೆ ಬಂದಿತು. ಮಸೂದೆ 1933ರಲ್ಲಿ ಅಥವಾ 1935ರಲ್ಲಿ ಬಲವಾದ ರೂಪದಲ್ಲಿ ಅಂಗೀಕಾರವಾಗಿದ್ದರೆ ಆ ಮಗು ಬದುಕಿರುತ್ತಿತ್ತೇನೋ.

ಆ ಕಾಯಿದೆಯ ಫಲ ಕಾಣಿಸಿಕೊಂಡದ್ದು ಎರಡು ದಶಕಗಳ ನಂತರ. ಎಲಿಕ್ಸಿರ್ ದುರಂತದ ಸಮಯದಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಗೈಲಿಂಗ್‌ರ ಪ್ರಯೋಗಾಲಯದಲ್ಲಿ ಪ್ರಾಣಿಗಳ ಮೇಲೆ ನಡೆದ ಪರೀಕ್ಷೆಗಳಲ್ಲಿ ಕೆನಡಾದಿಂದ ಬಂದಿದ್ದ ವಿದ್ಯಾರ್ಥಿನಿಯೊಬ್ಬರು ಪಾಲ್ಗೊಂಡಿದ್ದರು. ಹೆಸರು ಫ್ರಾನ್ಸಿಸ್ ಓಲ್ಡ್‌ಹ್ಯಾಮ್. ಹೆಸರು ನೋಡಿ ಗಂಡಸೆಂದು ಭಾವಿಸಿಯೇ ಪ್ರಾಧ್ಯಾಪಕರು ಅವರಿಗೆ ಸ್ಥಾನ ನೀಡಿದ್ದರಂತೆ. ಆಕೆ ಮುಂದೆ ಫ್ರಾನ್ಸಿಸ್ ಕೆಲ್ಸಿ ಎಂಬ ಹೆಸರಿನಲ್ಲಿ 1960ರಲ್ಲಿ ಎಫ್‌ಡಿಎ ಸೇರಿದಾಗ, ಮೊದಲ ದಿನಗಳಲ್ಲಿಯೇ ಅವರ ಮೇಜಿಗೆ ಬಂದ ಅರ್ಜಿ ಥ್ಯಾಲಿಡೊಮೈಡ್ ಎಂಬ ನಿದ್ರೆಯ ಔಷಧದ್ದು. ಜರ್ಮನಿಯಲ್ಲಿ 1957ರಿಂದಲೂ ಮಾರಾಟವಾಗುತ್ತಿದ್ದ ಅದನ್ನು ಗರ್ಭಿಣಿಯರೂ ಸೇವಿಸುತ್ತಿದ್ದರು. ಅಮೆರಿಕದ ಕಂಪನಿಯ ಪ್ರತಿನಿಧಿಗಳು ಹತ್ತಾರು ಬಾರಿ ಒತ್ತಡ ಹೇರಿದರೂ, ಸುರಕ್ಷತೆಗೆ ಸಾಕಷ್ಟು ಪುರಾವೆಯಿಲ್ಲವೆಂದು ಕೆಲ್ಸಿ ಅನುಮತಿ ನೀಡಲಿಲ್ಲ. 1961ರ ಕೊನೆಯ ವೇಳೆಗೆ ಸತ್ಯ ಹೊರಬಿದ್ದಿತು; ಜಗತ್ತಿನಾದ್ಯಂತ ಸುಮಾರು ಹತ್ತು ಸಾವಿರ ಶಿಶುಗಳು ಕೈಕಾಲುಗಳ ವೈಕಲ್ಯದೊಂದಿಗೆ ಹುಟ್ಟಿದ್ದವು. ಪರೀಕ್ಷೆಯ ಹೆಸರಿನಲ್ಲಿ ವೈದ್ಯರಿಗೆ ಹಂಚಲಾಗಿದ್ದ ಮಾತ್ರೆಗಳಿಂದಾಗಿ ಅಮೆರಿಕದಲ್ಲಿಯೂ ಕೆಲವು ಮಕ್ಕಳು ಬಾಧಿತರಾದರು, ಆದರೆ ಜರ್ಮನಿಯ ಗತಿ ಇಲ್ಲಿಗೆ ಬರಲಿಲ್ಲ. ಕೆಲ್ಸಿಯವರ ದೃಢತೆ ದೊಡ್ಡದು, ನಿಜ. ಅವರ ಕೈಯಲ್ಲಿ 1938ರ ಕಾಯಿದೆ ಇಲ್ಲದಿದ್ದರೆ ಆ ದೃಢತೆಗೆ ಯಾವ ಅಧಿಕಾರವೂ ಇರುತ್ತಿರಲಿಲ್ಲ.

ನಿಯಮದೊಳಗಿನ ಲಾಭ

ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರಲ್ಲಿ ನ್ಯೂಯಾರ್ಕ್ ಟೈಮ್ಸ್ ನಿಯತಕಾಲಿಕದಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ, ವ್ಯಾಪಾರಸಂಸ್ಥೆಯ ಸಾಮಾಜಿಕ ಹೊಣೆಯೆಂದರೆ ಲಾಭವನ್ನು ಹೆಚ್ಚಿಸುವುದೇ ಎಂದು ವಾದಿಸಿದರು. ಅವರ ವಾದವನ್ನು ವಿಕೃತಗೊಳಿಸಬಾರದು. ಆಟದ ನಿಯಮಗಳಿಗೆ ಬದ್ಧರಾಗಿ, ಮೋಸ ವಂಚನೆಗಳಿಲ್ಲದೆ ಎಂಬ ಷರತ್ತನ್ನು ಅವರೇ ಸೇರಿಸಿದ್ದರು. ಕಂಪನಿಯ ನಿರ್ವಾಹಕನು ಷೇರುದಾರರ ಹಣವನ್ನು ತನ್ನ ಇಷ್ಟದ ಸತ್ಕಾರ್ಯಕ್ಕೆ ವ್ಯಯಿಸುವ ಹಕ್ಕು ಪಡೆದಿಲ್ಲವೆಂಬ ಮಾತಿನಲ್ಲಿಯೂ ಹುರುಳಿದೆ.

ಆದರೆ 1937ನ್ನು ಬಲ್ಲವರಿಗೆ ಎರಡು ಪ್ರಶ್ನೆಗಳು ಉಳಿಯುತ್ತವೆ. ಸುರಕ್ಷತೆಯ ಪರೀಕ್ಷೆ ಆಟದ ನಿಯಮವೇ ಆಗಿರದಿದ್ದಾಗ ನಿಯಮಕ್ಕೆ ಬದ್ಧನಾದವನು ನಿರ್ದೋಷಿಯೇ? ನಿಯಮ ಬಾರದಂತೆ ಐದು ವರ್ಷ ತಡೆದವರು ಆಟಗಾರರೇ ಆಗಿದ್ದರೆ, ನಿಯಮದೊಳಗಿನ ಲಾಭವೆಂಬ ಮಾತಿಗೆ ಏನರ್ಥ?

ವ್ಯಾಪಾರದ ನೀತಿಯನ್ನು ಕಲಿಸುವ ತರಗತಿಗಳಲ್ಲಿ 1982ರ ಟೈಲೆನಾಲ್ ಪ್ರಕರಣವನ್ನು ಆದರ್ಶವಾಗಿ ಹೇಳುವುದುಂಟು. ಶಿಕಾಗೋ ಪ್ರದೇಶದಲ್ಲಿ ಯಾರೋ ದುಷ್ಟರು ಕ್ಯಾಪ್ಸೂಲ್‌ಗಳಲ್ಲಿ ಸಯನೈಡ್ ತುಂಬಿಸಿದ್ದರಿಂದ ಏಳು ಜನ ಸತ್ತಾಗ, ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಸುಮಾರು 3 ಕೋಟಿ 10 ಲಕ್ಷ ಸೀಸೆಗಳನ್ನು ದೇಶದಾದ್ಯಂತ ಹಿಂಪಡೆಯಿತು, ಹತ್ತು ಕೋಟಿ ಡಾಲರಿಗೂ ಹೆಚ್ಚಿನ ನಷ್ಟ ಅನುಭವಿಸಿತು, ಜನರಿಗೆ ನೇರವಾಗಿ ಎಚ್ಚರಿಕೆ ಕೊಟ್ಟಿತು. ಅಪಾಯವನ್ನು ಹೇಳದ ಮ್ಯಾಸೆಂಗಿಲ್ ಕಂಪನಿಯ ಮೊದಲ ತಂತಿಯ ಪಕ್ಕದಲ್ಲಿಟ್ಟು ನೋಡಿದರೆ ಇದು ನಿಸ್ಸಂದೇಹವಾಗಿ ಶ್ಲಾಘ್ಯ. ಆದರೆ ಟೈಲೆನಾಲ್ ಸುದ್ದಿ ಪ್ರತಿ ಮನೆಯ ಟಿವಿಯಲ್ಲಿತ್ತು. ಗ್ರಾಹಕರಿಗೆ ಎಲ್ಲವೂ ಗೊತ್ತಿತ್ತು. ನಂಬಿಕೆ ಉಳಿಸಿಕೊಂಡ ಕಂಪನಿ ಮಾರುಕಟ್ಟೆಯನ್ನೂ ಬೇಗನೆ ಮರಳಿ ಪಡೆಯಿತು. ಎಲ್ಲರೂ ನೋಡುತ್ತಿರುವಾಗ ನೀತಿ ಮತ್ತು ಲಾಭಗಳು ಒಂದೇ ದಾರಿಯಲ್ಲಿ ನಡೆಯಬಲ್ಲವು. ಕೊಳ್ಳುವವನಿಗೆ ಏನೂ ಕಾಣದಿರುವಲ್ಲಿ, ಬಡವರ ಮಕ್ಕಳು ಕುಡಿಯುವ ಸಿರಪ್ಪಿನ ಸೀಸೆಯಲ್ಲಿ, ಅವೆರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ.

ಅದೇ ವಿಷ, ಮತ್ತೆ ಮತ್ತೆ

ಡೈಎಥಿಲೀನ್ ಗ್ಲೈಕಾಲಿನ ಕಥೆ 1938ಕ್ಕೆ ಮುಗಿಯಲಿಲ್ಲ. ಸಿರಪ್‌ಗಳಲ್ಲಿ ಬಳಸುವ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್‌ಗಳಂತೆಯೇ ಇದೂ ಸಿಹಿ, ಮಂದ, ಪಾರದರ್ಶಕ. ಬೆಲೆ ಮಾತ್ರ ಅಗ್ಗ. ಬ್ರೇಕ್ ಎಣ್ಣೆ, ಬಣ್ಣ ಮುಂತಾದ ಕೈಗಾರಿಕೆಗಳಿಗೆಂದು ತಯಾರಾದ ದ್ರವ ಔಷಧದ ಪೀಪಾಯಿಯನ್ನು ಸೇರುವುದಕ್ಕೆ ಒಬ್ಬ ದಲ್ಲಾಳಿ ಲೇಬಲ್ ಬದಲಿಸಿದರೆ ಸಾಕು. ಅದನ್ನು ಹಿಡಿಯುವ ಪರೀಕ್ಷೆ ಕಷ್ಟದ್ದಲ್ಲ. ಆದರೆ ಪ್ರತಿ ಪೀಪಾಯಿಗೂ ಮಾಡಬೇಕು, ಅದಕ್ಕೆ ಸಮಯ ಮತ್ತು ಹಣ ತೆರಬೇಕು.

1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಈ ವಿಷ ಬೆರೆತ ಗ್ಲಿಸರಾಲಿನಿಂದ 14 ರೋಗಿಗಳು ಸತ್ತರು. ನ್ಯಾಯಮೂರ್ತಿ ಲೆಂಟಿನ್ ಅವರ ಆಯೋಗವು ಪೂರೈಕೆದಾರರು, ಅಧಿಕಾರಿಗಳು ಮತ್ತು ರಾಜಕಾರಣಿಗಳ ನಡುವಣ ನಂಟನ್ನು ನಿರ್ದಾಕ್ಷಿಣ್ಯವಾಗಿ ಬಿಚ್ಚಿಟ್ಟಿತು. 1990ರ ದಶಕದ ಆರಂಭದಲ್ಲಿ ಬಾಂಗ್ಲಾದೇಶ, 1996ರಲ್ಲಿ ಹೈಟಿ, 1998ರಲ್ಲಿ ದಿಲ್ಲಿಯ ಸುತ್ತಮುತ್ತ, ಎಲ್ಲೆಡೆಯೂ ಬಲಿಯಾದವರು ಮಕ್ಕಳು. 2006ರಲ್ಲಿ ಪನಾಮದ ಸರ್ಕಾರಿ ಪ್ರಯೋಗಾಲಯವು ಗ್ಲಿಸರಿನ್ ಎಂದೇ ನಂಬಿ ಸಿರಪ್ ತಯಾರಿಸಿತು. ಚೀನಾದಲ್ಲಿ ತಯಾರಾದ ಆ ದ್ರವವು ಸ್ಪೇನಿನ ಮೂಲಕ ಹಾದುಬರುವಷ್ಟರಲ್ಲಿ ಹೆಸರು ಬದಲಿಸಿಕೊಂಡಿತ್ತು. 2022ರ ಅಕ್ಟೋಬರಿನಲ್ಲಿ ಗ್ಯಾಂಬಿಯಾ ದೇಶದ ಸುಮಾರು 70 ಮಕ್ಕಳ ಸಾವಿನೊಂದಿಗೆ ಹರಿಯಾಣದಲ್ಲಿ ತಯಾರಾದ ಸಿರಪ್‌ಗಳ ಹೆಸರು ಕೇಳಿಬಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ನೀಡಿತು; ಭಾರತದ ಅಧಿಕಾರಿಗಳು ತಮ್ಮ ಪರೀಕ್ಷೆಯಲ್ಲಿ ವಿಷ ಕಂಡುಬರಲಿಲ್ಲವೆಂದರು. ಔಷಧದ ಗುಣಮಟ್ಟ ಪರೀಕ್ಷಿಸುವ ಪ್ರಯೋಗಾಲಯ ಗ್ಯಾಂಬಿಯಾದಲ್ಲಿ ಆಗ ಇರಲೇ ಇಲ್ಲ.

ಇದಾದ ಮೇಲೆ ಭಾರತ ಸರ್ಕಾರವು 2023ರ ಜೂನ್ 1ರಿಂದ, ರಫ್ತಾಗುವ ಕೆಮ್ಮಿನ ಸಿರಪ್‌ಗಳನ್ನು ನಿಗದಿತ ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿಯೇ ಹೊರಗೆ ಕಳುಹಿಸಬೇಕೆಂದು ವಿಧಿಸಿತು. ಆ ನಿಯಮ ದೇಶದೊಳಗೆ ಮಾರುವ ಸಿರಪ್‌ಗಳಿಗೆ ಅನ್ವಯಿಸಿರಲಿಲ್ಲ. 2025ರ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಕೆಮ್ಮಿನ ಸಿರಪ್ ಕುಡಿದು, ಮೂತ್ರ ನಿಂತು, ಸತ್ತರು. ತಮಿಳುನಾಡಿನಲ್ಲಿ ತಯಾರಾದ ಆ ಸಿರಪ್ಪಿನಲ್ಲಿ ಸುಮಾರು ಅರ್ಧದಷ್ಟು ಡೈಎಥಿಲೀನ್ ಗ್ಲೈಕಾಲ್ ಇದ್ದುದು ಪರೀಕ್ಷೆಯಲ್ಲಿ ಕಂಡುಬಂದಿತು. ಪರದೇಶದ ಮಾರುಕಟ್ಟೆಯಲ್ಲಿ ಹೆಸರು ಕೆಟ್ಟರೆ ನಷ್ಟ. ಆದುದರಿಂದ ಅಲ್ಲಿಗೆ ಹೋಗುವ ಸೀಸೆಗೆ ಪರೀಕ್ಷೆ. ಸ್ವದೇಶದ ಹಳ್ಳಿಯ ಮಗುವಿನ ಸೀಸೆಗೆ ಅದೇ ಎಚ್ಚರವಿರಲಿಲ್ಲ. 1937ರಲ್ಲಿ ರುಚಿಯನ್ನು ಮಾತ್ರ ಪರೀಕ್ಷಿಸಿದ ಲೆಕ್ಕಾಚಾರಕ್ಕೂ ಇದಕ್ಕೂ ಬಹಳ ಅಂತರವಿಲ್ಲ.

ನಮ್ಮ ಕರ್ನಾಟಕವೂ ಇಂಥ ಚಿಂತೆಯಿಂದ ಹೊರತಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಹೆರಿಗೆಯ ಬಳಿಕ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ, ರಕ್ತನಾಳಕ್ಕೆ ಏರಿಸಿದ್ದ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಬಿದ್ದು ರಾಜ್ಯ ಸರ್ಕಾರವು ಅದರ ಬಳಕೆಯನ್ನು ತಡೆಹಿಡಿಯಿತು. ಅಲ್ಲಿದ್ದುದು ಈ ವಿಷವೆಂದು ಯಾರೂ ಹೇಳಿಲ್ಲ. ಆದರೆ ಚೀಟಿ ಬರೆದ ವೈದ್ಯನೂ ಸೂಜಿ ಚುಚ್ಚಿದ ದಾದಿಯೂ ಲೇಬಲ್ಲನ್ನು ನಂಬಿಯೇ ಕೆಲಸ ಮಾಡಿದ್ದರೆಂಬುದು ಅಲ್ಲಿಯೂ ನಿಜ.

ನಮಗಿದರಿಂದ ಏನು?

ಛಿಂದ್ವಾಡಾದ ಸುದ್ದಿ ಬಂದ ಮೇಲೆ ನಮ್ಮ ಕೂಟದ ಎಳೆಯ ತಾಯ್ತಂದೆಯರು ನನ್ನಲ್ಲಿ ಕೇಳುವ ಪ್ರಶ್ನೆ ಒಂದೇ: ಡಾಕ್ಟ್ರೇ, ಊರಿನಿಂದ ಅಮ್ಮ ತಂದಿಟ್ಟ ಸಿರಪ್ ಮಗುವಿಗೆ ಕೊಡಬಹುದೇ? ನನ್ನ ಉತ್ತರ ಸರಳವಾದುದು. ಎಳೆಯ ಮಕ್ಕಳ ಸಾಮಾನ್ಯ ಕೆಮ್ಮು ನೆಗಡಿಗೆ ಸಿರಪ್ ಬೇಕಿಲ್ಲ. ಅದರಿಂದ ಪ್ರಯೋಜನವೂ ಅತ್ಯಲ್ಪ. ಅಮೆರಿಕದ ಲೇಬಲ್ಲುಗಳು ನಾಲ್ಕು ವರ್ಷದೊಳಗಿನವರಿಗೆ ಬೇಡವೆನ್ನುತ್ತವೆ. ಭಾರತದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವೂ 2025ರ ಅಕ್ಟೋಬರಿನಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ ಬರೆಯಲೇಬಾರದೆಂದು, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಸಲ್ಲದೆಂದು ತಿಳಿಸಿದೆ. ಯಾವುದೇ ಔಷಧ ಕುಡಿದ ಮಗು ವಾಂತಿ ಮಾಡುತ್ತಿದ್ದು ಮೂತ್ರ ಕಡಿಮೆಯಾದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸೀಸೆಯನ್ನೂ ಜೊತೆಗೆ ಒಯ್ಯಿರಿ.

ಇದರಾಚೆಗೆ ನಾಗರಿಕರಾಗಿ ನಮಗೊಂದು ಕೆಲಸವಿದೆ. ನಮ್ಮಲ್ಲಿ ಅನೇಕರು ಇಲ್ಲಿನ ಕಂಪನಿಗಳಲ್ಲಿ ದುಡಿಯುವವರು, ಷೇರುಗಳನ್ನು ಹೊಂದಿರುವವರು, ಸರ್ಕಾರದ ನಿಯಮಗಳು ಉದ್ಯಮಕ್ಕೆ ಅಡ್ಡಿಯೆಂದು ಊಟದ ಮೇಜಿನಲ್ಲಿ ಬೇಸರಪಡುವವರು. ಕೆಲವು ನಿಯಮಗಳು ನಿಜಕ್ಕೂ ಅನಗತ್ಯವಾಗಿರಬಹುದು. ಆದರೆ ಒಂದು ನಿಯಮವನ್ನು ತೆಗೆದುಹಾಕಬೇಕೆನ್ನುವ ಮುನ್ನ ಅದು ಯಾವ ವರ್ಷದಲ್ಲಿ, ಯಾರ ಸಾವಿನ ಬಳಿಕ ಬಂದಿತೆಂದು ವಿಚಾರಿಸುವುದು ಒಳ್ಳೆಯದು. ಹಾಗೆಯೇ ಭಾರತದಲ್ಲಿ ಔಷಧ ಪರಿವೀಕ್ಷಕರ ಹುದ್ದೆ ತುಂಬಿರಿ, ಪ್ರಯೋಗಾಲಯಗಳಿಗೆ ಹಣ ಕೊಡಿರಿ, ಊರಿನ ಮಗುವಿನ ಸೀಸೆಗೂ ರಫ್ತಿನ ಸೀಸೆಗೂ ಒಂದೇ ಪರೀಕ್ಷೆಯಿರಲಿ ಎಂದು ಕೇಳುವುದು ಬಂಡವಾಳದ ವಿರೋಧವಲ್ಲ. ಪ್ರಾಮಾಣಿಕವಾಗಿ ಪರೀಕ್ಷೆ ಮಾಡುವ ತಯಾರಕನು ಮಾಡದವನೆದುರು ಬೆಲೆಯಲ್ಲಿ ಸೋಲದಂತೆ ಕಾಪಾಡುವುದೂ ಅದೇ ನಿಯಮ.

ಬ್ರಿಸ್ಟಲ್ಲಿನ ಕಾರ್ಖಾನೆಯಲ್ಲಿದ್ದವರು ದುಷ್ಟರಾಗಿರಲಿಲ್ಲ. ಅವರು ಕೇಳಬೇಕಾಗಿದ್ದ ಒಂದು ಪ್ರಶ್ನೆಯನ್ನು ಕೇಳಲಿಲ್ಲ, ಕೇಳಲೇಬೇಕೆಂದು ಅವರನ್ನು ಯಾರೂ ಕಟ್ಟುಪಡಿಸಿರಲಿಲ್ಲ. ಆ ಪ್ರಶ್ನೆಯನ್ನು ಕೇಳಿಸುವ ಏರ್ಪಾಡನ್ನು ಕಟ್ಟಿ, ಕಾಪಾಡಿಕೊಂಡು ಬರುವುದು ನಮ್ಮೆಲ್ಲರಿಗೂ ಸೇರಿದ ಕೆಲಸ.